ಕಲರ್ ಅಕ್ಕ ಮತ್ತು ಮೆರೂನ್ ಬಾಗಿಲು

ಆ ಗುರುವಾರ ಬೆಳಗ್ಗೆ ಟೀಚರ್ ತಮ್ಮ ಕಾರನ್ನು ಗ್ಯಾರೇಜಿನ ಅಂಗಳಕ್ಕೆ ತಂದು ನಿಲ್ಲಿಸಿ, ಕೆಳಗಿಳಿದು, ಬಾಗಿಲನ್ನು ಧಡ್ ಅಂತ ಹಾಕಿದರು. ಹಿಂದಿನ ದಿನ ತಾನೇ ನಮ್ಮಲ್ಲಿ ಬಣ್ಣ ಮಾಡಿಸಿಕೊಂಡು ಹೋಗಿದ್ದ ಬಾಗಿಲು ಅದು.

"ಏನ್ರೀ ಇದು? ಬೇರೆ ಯಾರದೋ ಕಾರಿನ ಬಾಗಿಲನ್ನ ನನ್ನ ಕಾರಿಗೆ ಹಾಕಿ ಕಳಿಸಿದೀರಾ?"

ನಾನು ಆಫೀಸು ರೂಮಿನ ಕಿಟಕಿ ಹತ್ತಿರ ಪಾಪುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾರೆಲ್ಲ ಮೆರೂನ್. ಎಡಗಡೆಯ ಮುಂದಿನ ಬಾಗಿಲೊಂದು ಮಾತ್ರ ಬಿಸಿಲಲ್ಲಿ ಇಟ್ಟಿಗೆ ಥರ ಕಂದುಕಂದಾಗಿ, ನಾನೇ ಬೇರೆ ಅಂತ ಸಾರಿ ಹೇಳುತ್ತಿತ್ತು.

ಹದಿನೈದು ದಿನದಲ್ಲಿ ಹೀಗೆ ವಾಪಸ್ ಬಂದದ್ದು ಇದು ಮೂರನೆಯದು. ಮೊದಲು ಒಂದು ಕೆಂಪು ಬೈಕಿನ ಟ್ಯಾಂಕು. ಆಮೇಲೆ ಒಂದು ಕಡುಗೆಂಪು ವ್ಯಾನಿನ ಬಾನೆಟ್ಟು. ಈಗ ಟೀಚರ ಬಾಗಿಲು. ಮೂರಕ್ಕೂ ಬಣ್ಣ ಹೊಡೆದವಳು ನನ್ನ ಅಕ್ಕ.

ಅಕ್ಕ ಬಣ್ಣ ಹೊಡೆಯುವ ಬೂತಿನಿಂದ ಹೊರಗೆ ಬಂದಳು. ಮಾಸ್ಕು ಹಣೆಯ ಮೇಲೆ, ಕೈಯಲ್ಲಿ ಬಣ್ಣ ಚಿಮ್ಮಿಸುವ ಗನ್ನು. ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಎದ್ದಳು, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದಳು. ಯಾರು ಏನೇ ಅಂದರೂ ತಿರುಗಿಸಿ ಒಂದು ಮಾತು ಕೊಡದೆ ಬಿಡುವವಳಲ್ಲ ಅವಳು. ಅವತ್ತು ಬಾಯಿ ಬಿಡಲಿಲ್ಲ.

ಅವಳನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಕರೆಯೋದು ಕಲರ್ ಅಕ್ಕ ಅಂತ. ನನಗಿಂತ ಹದಿನೇಳು ವರ್ಷ ದೊಡ್ಡವಳು. ನನ್ನ ಮೊದಲ ಚಪ್ಪಲಿಯಿಂದ ಹಿಡಿದು ಕಾಲೇಜಿನ ಪುಸ್ತಕದ ತನಕ ಎಲ್ಲ ಬಂದದ್ದು ಅವಳ ದುಡಿಮೆಯಿಂದ. ಇಪ್ಪತ್ತನೆಯ ವಯಸ್ಸಿಗೆ ಅವಳು ಈ ಗ್ಯಾರೇಜು ಸೇರಿದಾಗ ಕೊಟ್ಟ ಕೆಲಸ ಟೇಪು ಅಂಟಿಸೋದು. ಬಣ್ಣ ಬೀಳಬಾರದ ಕಡೆಗೆಲ್ಲ ಹಳೇ ಪೇಪರು ಸುತ್ತಿ, ಗಾಜಿನ ಅಂಚಿಗೆ ಟೇಪು ಹಾಕೋದು. ಹೆಣ್ಣುಮಕ್ಕಳ ಕೈಗೆ ಅಷ್ಟು ಸಾಕು ಅಂದುಕೊಂಡಿದ್ದರು. ಒಂದು ದಿನ ಆಗಿನ ಪೇಂಟರು ಎರಡು ತಗಡಿನ ತುಂಡು ಹಿಡಿದು ಎಲ್ಲರಿಗೂ ತೋರಿಸಿ, ವ್ಯತ್ಯಾಸ ಹೇಳಿ ನೋಡೋಣ ಅಂದರಂತೆ. ಎಲ್ಲರೂ ಎರಡೂ ಒಂದೇ ಅಂದರು. ಮೂಲೆಯಲ್ಲಿ ಟೇಪು ಹರಿಯುತ್ತಿದ್ದ ಅಕ್ಕ ಮಾತ್ರ, "ಬಲಗೈದು ಸ್ವಲ್ಪ ಹಳದಿ ಕುಡಿದಿದೆ" ಅಂದಳಂತೆ. ಆ ಪೇಂಟರು ಅವತ್ತೇ ಗನ್ನು ಅವಳ ಕೈಗೆ ಕೊಟ್ಟು, "ಹಿಡಿದು ನೋಡು, ಭಾರ ಇದೆಯಾ?" ಅಂತ ಕೇಳಿದರು. ಭಾರ ಇದೆ ಅಂದರೆ ಕಿತ್ತುಕೊಂಡುಬಿಡುತ್ತಾರೆ ಅಂತ ಹೆದರಿ, ಇಲ್ಲ ಅಂದಳಂತೆ. ಅದಾಗಿ ಇಪ್ಪತ್ತೇಳು ವರ್ಷ.

ಗಾಡಿ ಕಂಪನಿ ಕೊಟ್ಟ ಬಣ್ಣದ ಸಂಖ್ಯೆ ನೋಡಿ ಬೆರೆಸೋದು ಯಾರಿಗಾದರೂ ಬರುತ್ತದೆ. ಓಡಾಡಿ ಮಾಸಿದ ಗಾಡಿಗೆ ಹೊಂದುವ ಹಾಗೆ ಬೆರೆಸೋದೇ ಕಷ್ಟ. ಅಕ್ಕ ಬೆರೆಸಿದ ಬಣ್ಣವನ್ನು ಒಂದು ತಗಡಿಗೆ ಹೊಡೆದು, ಒಣಗಿಸಿ, ಅದನ್ನು ಹಿಡಿದುಕೊಂಡು ಗೇಟಿನ ತನಕ ನಡೆದು ಹೋಗುತ್ತಿದ್ದಳು. ಅಲ್ಲಿ ಬಿಸಿಲಿಗೆ ಹಿಡಿದು, ಹೀಗೆ ಹಾಗೆ ತಿರುಗಿಸಿ ನೋಡಿ ವಾಪಸ್ ಬಂದು, ಡಬ್ಬಿಗೆ ಎರಡು ಹನಿ ಏನೋ ಹಾಕಿ, ಮತ್ತೆ ಗೇಟಿಗೆ. ದಿನಕ್ಕೆ ಹತ್ತು ಸಲ. ತಗ್ಗು ಬಡಿಯುವ ಟಿಂಕರ್ ಅಣ್ಣ ಸುತ್ತಿಗೆ ನಿಲ್ಲಿಸಿ, "ಹೊರಟಳಪ್ಪ, ಸೂರ್ಯನ ಹತ್ರ ಸಹಿ ಹಾಕಿಸಿಕೊಂಡು ಬರೋಕೆ" ಅನ್ನುತ್ತಿದ್ದ.

ಆ ನಡಿಗೆ ನಿಲ್ಲಿಸಿದವಳು ನಾನು.

ಹೆರಿಗೆಯಾಗಿ ಏಳು ತಿಂಗಳ ಮೇಲೆ ನಾನು ಗ್ಯಾರೇಜಿನ ಆಫೀಸಿಗೆ ವಾಪಸ್ ಬಂದಾಗ ಯಜಮಾನರು ಕೊಟ್ಟ ಮೊದಲ ಕೆಲಸ ಬೂತಿನ ಲೈಟು. ಬಣ್ಣ ಹೊಡೆಯುವ ಬೂತು ಅಂದರೆ ಒಂದು ಕಾರು ಹಿಡಿಸುವಷ್ಟು ದೊಡ್ಡ ಮುಚ್ಚಿದ ಕೋಣೆ. ಥಿನ್ನರಿನ ಆವಿಗೆ ಒಂದು ಕಿಡಿ ತಾಗಿದರೆ ಮುಗಿಯಿತು, ಅದಕ್ಕೇ ಲೈಟುಗಳೆಲ್ಲ ಗೋಡೆಯ ಆಚೆ, ರಬ್ಬರು ಕೂರಿಸಿದ ದಪ್ಪ ಗಾಜಿನ ಹಿಂದೆ ಇರುತ್ತವೆ. ಹಳೆಯವು ಹದಿನಾರು ಉದ್ದನೆಯ ಟ್ಯೂಬ್‌ಲೈಟು. ಅರ್ಧ ಮಿಣಮಿಣ ಅನ್ನೋವು, ಅರ್ಧ ಗುಂಯ್ ಅನ್ನೋವು, ಕರೆಂಟು ಮಾತ್ರ ಹದಿನಾರೂ ತಿನ್ನೋವು. "ಕಡಿಮೆ ತಿನ್ನೋದು, ಜಾಸ್ತಿ ಬೆಳಗೋದು, ಅಂಥದ್ದು ನೋಡಿ ತಾಮ್ಮ" ಅಂದರು.

ನಾನು ಪಾಪುವನ್ನು ಎತ್ತಿಕೊಂಡೇ ಮೂರು ಅಂಗಡಿ ತಿರುಗಿದೆ. ಮೂರನೇ ಅಂಗಡಿಯಲ್ಲಿ ಬಗೆಬಗೆಯ ಎಲ್‌ಇಡಿ ಟ್ಯೂಬು ಸಾಲಾಗಿ ಉರಿಯುತ್ತಿದ್ದವು. ಯಾವುದು ಸರಿ ಅಂತ ಹೇಗೆ ಗೊತ್ತಾಗಬೇಕು? ನನಗೆ ನಾನೇ ಬುದ್ಧಿವಂತೆ ಅನ್ನಿಸಿದ್ದು ಆಗ. ಬ್ಯಾಗಿನಿಂದ ಪಾಪುವಿನ ಒಗೆದ ಬಿಳಿ ಲಂಗೋಟಿ ತೆಗೆದು ಒಂದೊಂದರ ಕೆಳಗೂ ಹಿಡಿದೆ. ಒಂದರಲ್ಲಿ ಬೆಣ್ಣೆ ಬಣ್ಣ, ಒಂದರಲ್ಲಿ ನೀಲಿ. ಮತ್ತೊಂದರಲ್ಲಿ ಮಾತ್ರ ಮಹಡಿ ಮೇಲೆ ಒಣಗಿದ ಬಟ್ಟೆಯಷ್ಟೇ ಬೆಳ್ಳಗೆ. ಬಿಳಿ ಬಿಳಿಯಾಗಿ ಕಂಡರೆ ಉಳಿದ ಬಣ್ಣವೂ ಸರಿಯಾಗೇ ಕಾಣಬೇಕಲ್ಲ? ಅವನ್ನೇ ತಂದೆ. ಬೂತು ಝಗ್ ಅಂತ ಬೆಳಗಿತು. ಮೀಟರು ಅರ್ಧಕ್ಕಿಂತ ನಿಧಾನವಾಗಿ ತಿರುಗಿತು. ಯಜಮಾನರು ನನ್ನ ಬೆನ್ನು ತಟ್ಟಿದರು. ಮಿಕ್ಕ ಒಂದು ಟ್ಯೂಬನ್ನು, ಆಫೀಸಿನ ಹಿಂದಿನ ಕಿಟಕಿಯಿಲ್ಲದ ರೂಮಿಗೆ, ನಾನು ಪಾಪುವಿಗೆ ಹಾಲು ಕೊಡುವ ಜಾಗಕ್ಕೆ ಹಾಕಿಸಿಕೊಂಡೆ.

ಅಕ್ಕನಿಗೆ ಆಗಲೇ ಮಂಡಿನೋವು ಶುರುವಾಗಿತ್ತು. "ಇನ್ನು ಗೇಟಿಗೆ ಅಲೆಯೋದು ಬೇಡ ಅಕ್ಕ. ಬಿಸಿಲನ್ನೇ ತಂದು ಒಳಗೆ ಕೂರಿಸಿದೀನಿ" ಅಂದೆ.

"ನೀನು ಹೇಳಿದ ಮೇಲೆ ಮುಗೀತು ಬಿಡು" ಅಂತ ನಕ್ಕಳು. ಅಂದಿನಿಂದ ತಗಡನ್ನು ಬೂತಿನೊಳಗೇ ನೋಡತೊಡಗಿದಳು.

ಇಷ್ಟೆಲ್ಲ ಒಂದಕ್ಕೊಂದು ಸೇರುತ್ತದೆ ಅಂತ ಈಗ ಬರೆಯುವಾಗ ಹೇಳೋದು ಸುಲಭ. ಆ ಗುರುವಾರ ನನ್ನ ತಲೆಗೆ ಇದು ಹೊಳೆದಿರಲೇ ಇಲ್ಲ.

ಟೀಚರು ಕಾರು ಬಿಟ್ಟು ಆಟೋದಲ್ಲಿ ಹೋದರು. ಯಜಮಾನರು ಅಕ್ಕನನ್ನು ಆಫೀಸಿಗೆ ಕರೆದರು. ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

"ನೋಡಮ್ಮ, ಇಪ್ಪತ್ತೇಳು ವರ್ಷದಲ್ಲಿ ನಿನಗೆ ನಾನು ಒಂದು ಮಾತು ಅಂದಿದೀನಾ?"

"ಇಲ್ಲ."

"ಕಣ್ಣಿಗೆ ವಯಸ್ಸಾಗುತ್ತಮ್ಮ. ಎಲ್ಲರಿಗೂ ಆಗುತ್ತೆ. ಸೋಮವಾರ ಹೊಸ ಪೇಂಟರು ಬರ್ತಾನೆ. ನೀನು ಟೇಪು, ಉಪ್ಪುಕಾಗದ ಉಜ್ಜೋದು ನೋಡ್ಕೊ. ಸಂಬಳದಲ್ಲಿ ನಾನೇನೂ ಕೈ ಇಡಲ್ಲ."

ಅಕ್ಕ ಕೈಯಲ್ಲಿದ್ದ ಗನ್ನನ್ನು ಒಮ್ಮೆ ನೋಡಿದಳು. "ಸೋಮವಾರದ ತನಕ?" ಅಂದಳು.

"ಸೋಮವಾರದ ತನಕ ಇರಲಿ."

ಅವಳು ಸರಿ ಅಂದು ಹೊರಗೆ ಹೋದಳು. ವಾದ ಮಾಡಲಿಲ್ಲ ಯಾಕೆ ಅಂತ ನನಗೆ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ತಿಳಿಯಿತು. ಅವಳು ಅಮ್ಮನ ಹೊಲಿಗೆ ಪೆಟ್ಟಿಗೆ ಬಿಚ್ಚಿ ದಾರದ ಉಂಡೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತ ಕೂತಿದ್ದಳು. ಕಪ್ಪು, ಕಡುಕಂದು, ಕಂದು. ಒಂದನ್ನು ಎತ್ತಿ ಇನ್ನೊಂದರ ಪಕ್ಕ ಇಟ್ಟು, ಮತ್ತೆ ತೆಗೆದು. ನನ್ನನ್ನು ಕಂಡು ಸರಸರ ಪೆಟ್ಟಿಗೆಗೆ ತುಂಬಿದಳು.

ನಮ್ಮಮ್ಮನಿಗೆ ಐವತ್ತು ತುಂಬುವ ಮೊದಲೇ ಕಣ್ಣು ಕೆಟ್ಟದ್ದು. ಮೊದಲು ಹೋದದ್ದು ಬಣ್ಣ. ಕಂದು ಬಟ್ಟೆಗೆ ಕಪ್ಪು ದಾರ ಹಾಕಿ ಹೊಲಿದು, ಸರಿಯಾಗೇ ಇದೆಯಲ್ಲ ಅಂತ ಜಗಳ ಆಡಿದ್ದರು. ಈಗ ಒಂದು ಕಣ್ಣು ಪೂರ್ತಿ ಇಲ್ಲ, ಇನ್ನೊಂದರಲ್ಲಿ ಮಂಜು. ಪಾಪುವನ್ನು ಅವರ ಹತ್ತಿರ ಬಿಡಲಾರದೆ ನಾನು ಗ್ಯಾರೇಜಿಗೆ ಎತ್ತಿಕೊಂಡು ಹೋಗುವುದೂ ಅದಕ್ಕೇ.

"ಅಕ್ಕ, ಡಾಕ್ಟರ ಹತ್ರ ಹೋಗೋಣ" ಅಂದೆ.

"ಹೋಗಿ? ಹೌದು ಅಂತ ಹೇಳಿಸಿಕೊಂಡು ಬರೋದಾ?" ಅಂದಳು. ಊಟ ಮಾಡದೆ ಎದ್ದಳು.

ನನಗೂ ಆ ದಿನಗಳಲ್ಲಿ ಬೇರೆಯದೇ ಚಿಂತೆ ಇತ್ತು. ಪಾಪು ಬಡವಾಗುತ್ತಿದ್ದಾಳೆ ಅನ್ನಿಸುತ್ತಿತ್ತು. ಹಾಲು ಕುಡಿಸುವಾಗ ನೋಡಿದರೆ ಕೆನ್ನೆ ಬೂದಿ ಬಣ್ಣ, ತುಟಿ ಒಣಗಿದ ಹಾಗೆ. ಹೋದ ವಾರ ಮಕ್ಕಳ ಡಾಕ್ಟರಿಗೆ ತೋರಿಸಿದ್ದೆ. ತೂಕ ನೋಡಿ, ಕಣ್ಣು ಬಿಡಿಸಿ ನೋಡಿ, "ಮಗು ಗುಂಡುಕಲ್ಲಿನ ಹಾಗಿದೆ, ನೀವು ಸರಿಯಾಗಿ ನಿದ್ದೆ ಮಾಡಿ" ಅಂದು ಕಳಿಸಿದ್ದರು.

ಶುಕ್ರವಾರ ಹನ್ನೊಂದು ಗಂಟೆಗೆ ಹಿಂದಿನ ರೂಮಿನಲ್ಲಿ ಹಾಲು ಕುಡಿಸುತ್ತ ಅವಳ ಮುಖ ನೋಡಿದೆ. ತುಟಿಯಲ್ಲಿ ರಕ್ತದ ಸುಳಿವೇ ಇಲ್ಲ. ಅಂಗೈ ಬಿಡಿಸಿ ನೋಡಿದೆ, ಅದೂ ಹಾಗೇ. ನಾನು ಚಪ್ಪಲಿಯನ್ನೂ ಮೆಟ್ಟದೆ ಅವಳನ್ನು ಎದೆಗೆ ಅವಚಿಕೊಂಡು ಆಟೋ ನಿಲ್ಲಿಸಲು ಅಂಗಳ ದಾಟಿ ಓಡಿದೆ. ಗೇಟಿನ ಹತ್ತಿರ ಬಿಸಿಲಿಗೆ ಬಂದಾಗ ಅವಳು ಕಣ್ಣು ಕಿರಿದು ಮಾಡಿ ಗೊರ್ ಅಂತ ಗೊಣಗಿದಳು. ನೋಡುತ್ತೇನೆ, ಕೆನ್ನೆ ಕೆಂಪು ಕೆಂಪು. ತುಟಿ ಗುಲಾಬಿ. ಅಂಗೈಯಂತೂ ಈಗ ತಾನೇ ಹಿಂಡಿದ ಹಾಗೆ.

ಓಡಿದ ಏದುಸಿರು ಇಳಿಯುವ ತನಕ ಅಲ್ಲೇ ನಿಂತೆ. ಆಮೇಲೆ ವಾಪಸ್ ಒಳಗೆ ಹೋದೆ. ಕೆನ್ನೆ ಬೂದಿ. ಹೊರಗೆ ಬಂದೆ. ಕೆಂಪು. ಮತ್ತೆ ಒಳಗೆ, ಮತ್ತೆ ಹೊರಗೆ. ಟಿಂಕರ್ ಅಣ್ಣ ಸುತ್ತಿಗೆ ನಿಲ್ಲಿಸಿ, "ಏನಮ್ಮ, ಅಕ್ಕ ಬಿಟ್ಟಿದ್ದನ್ನ ನೀನು ಹಿಡಿದುಕೊಂಡ್ಯಾ?" ಅಂದ.

ನನಗೆ ನಗು ಬರಲಿಲ್ಲ. ಟ್ಯಾಂಕು, ಬಾನೆಟ್ಟು, ಬಾಗಿಲು. ಮೂರೂ ಕೆಂಪಿನ ಜಾತಿಯವು. ನಾನು ತಂದ ಬೆಳಕಿಗೆ ಬಿಳಿ ತೋರಿಸುವುದು ಬರುತ್ತಿತ್ತು, ಕೆಂಪು ತೋರಿಸುವುದು ಬರುತ್ತಿರಲಿಲ್ಲ.

ಅಕ್ಕ ಬೂತಿನ ಹಿಂದೆ ಗನ್ನಿನ ಮೂತಿ ಬಿಚ್ಚಿ ತೊಳೆಯುತ್ತಿದ್ದಳು. ಹೇಳಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಖುಷಿಯಾಗಿ ಎದ್ದು ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆಯನ್ನೂ ಎತ್ತಲಿಲ್ಲ.

"ಯಾರಿಗೂ ಹೇಳಬೇಡ."

"ಅಕ್ಕ! ನಿನ್ನ ತಪ್ಪೇ ಇಲ್ಲ ಅಂತ ಹೇಳ್ತಿದೀನಿ. ನನ್ನ ತಪ್ಪು."

"ಅದಕ್ಕೇ ಬೇಡ ಅಂದಿದ್ದು. ಕೈಗೂಸು ಇಟ್ಟುಕೊಂಡು ಬಂದು ಎರಡು ತಿಂಗಳಾಗಿಲ್ಲ. ಮೊದಲನೇ ಕೆಲಸಾನೇ ಕೆಡಿಸಿದಳು ಅಂತ ಆಗ್ಬೇಕಾ?"

"ಆಗಲಿ. ನಿನ್ನ ಗನ್ನು ಹೋಗೋದಕ್ಕಿಂತ ಅದು ದೊಡ್ಡದಲ್ಲ."

ಆಗ ತಲೆ ಎತ್ತಿದಳು. ಕೈಯಿಂದ ಥಿನ್ನರು ತೊಟ್ಟಿಕ್ಕುತ್ತಿತ್ತು. "ನೀನು ಹೇಳಿದೆ ಅಂತ ಹೊರಗೆ ಹೋಗಿ ನೋಡೋದು ಬಿಟ್ಟೆ. ಈಗ ನೀನೇ ಬಂದು ಹೊರಗೆ ಹೋಗಿ ನೋಡು ಅಂತೀಯ. ಸರಿ ಕಣೇ, ಹೋಗ್ತೀನಿ. ಎಲ್ಲರೂ ಸುತ್ತ ನಿಲ್ತಾರೆ. ಬಿಸಿಲಲ್ಲೂ ನಂಗೆ ಗೊತ್ತಾಗದೇ ಹೋದ್ರೆ? ಈಗ ತಪ್ಪನ್ನ ಅರ್ಧ ಲೈಟಿನ ಮೇಲೆ, ಅರ್ಧ ಕಣ್ಣಿನ ಮೇಲೆ ಹಾಕಿಕೊಂಡು ಬದುಕಬಹುದು. ಆಮೇಲೆ ಏನಿದೆ?"

ಅವಳಿಗೆ ಹೆದರಿಕೆ ಆಗೋದು ನಾನು ನೋಡಿದ್ದೇ ಅದು ಮೊದಲು. ಅಪ್ಪ ತೀರಿಕೊಂಡ ವರ್ಷವೂ ಅವಳು ಹೆದರಿದ್ದು ನನಗೆ ಕಂಡಿರಲಿಲ್ಲ. ನಾನು ಚಿಕ್ಕವಳು ಅಂತ ಮುಚ್ಚಿಟ್ಟಿದ್ದಳೋ ಏನೋ.

"ನೀನು ಹೇಳಬೇಡ ಅಂದ್ರೂ ನಾನು ಹೇಳೋಳೇ" ಅಂದೆ. "ಸಿಟ್ಟು ಮಾಡ್ಕೊ ಬೇಕಾದ್ರೆ."

"ಮಾಡ್ಕೋತೀನಿ" ಅಂದಳು.

ಯಜಮಾನರು ನಾನು ಹೇಳಿದ್ದನ್ನೆಲ್ಲ ಕೇಳಿ ಕುರ್ಚಿಗೆ ಒರಗಿದರು. "ಅಕ್ಕನ್ನ ಉಳಿಸೋಕೆ ಪಾಪ, ತಪ್ಪನ್ನ ಲೈಟಿಗೆ ಅಂಟಿಸ್ತಿದೀಯ."

"ನೀವೇ ಪರೀಕ್ಷೆ ಮಾಡಿ ಯಜಮಾನ್ರೇ. ಹೇಗೆ ಬೇಕೋ ಹಾಗೆ."

ಮಾಡಿದರು. ಶನಿವಾರ ಬೆಳಗ್ಗೆ ತಾವೇ ಬಣ್ಣ ಬೆರೆಸುವ ಅಂಗಡಿಗೆ ಹೋಗಿ, ಅಂಗೈಯಗಲದ ಐದು ತಗಡಿಗೆ ಐದು ಮೆರೂನ್ ಹೊಡೆಸಿಕೊಂಡು ಬಂದರು. ಐದರಲ್ಲೂ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ. ಹಿಂದೆ ಸೀಮೆಸುಣ್ಣದಲ್ಲಿ ಒಂದರಿಂದ ಐದು ಬರೆದಿದ್ದರು. ಟೀಚರ ಕಾರಿನ ಪೆಟ್ರೋಲು ಮುಚ್ಚಳ ಬಿಚ್ಚಿಸಿ ಅಕ್ಕನ ಕೈಗೆ ಕೊಟ್ಟು, "ಇದಕ್ಕೆ ಸೇರೋದು ಯಾವುದು, ಹೇಳು" ಅಂದರು.

ಮೊದಲು ಬೂತಿನೊಳಗೆ. ಹದಿನಾರು ಟ್ಯೂಬಿನ ಬೆಳ್ಳನೆ ಬೆಳಕು. ಅಕ್ಕ ಮುಚ್ಚಳವನ್ನು ಒಂದೊಂದು ತಗಡಿನ ಪಕ್ಕಕ್ಕೂ ಇಟ್ಟಳು. ಸುಮಾರು ಹೊತ್ತು ನೋಡಿ, "ಇವೆರಡು ತಗಡನ್ನ ತೆಗೆದು ಹಾಕಬಹುದು. ಉಳಿದ ಮೂರೂ ಒಂದೇ" ಅಂದಳು.

ಯಜಮಾನರು ಇಸಿದುಕೊಂಡು ನೋಡಿದರು. ಕನ್ನಡಕ ಏರಿಸಿ, ಇಳಿಸಿ ನೋಡಿದರು. "ನನಗೂ ಒಂದೇ ಥರ ಕಾಣುತ್ತೆ."

"ನನಗೆ ಐದೂ ಒಂದೇ" ಅಂದ ಟಿಂಕರ್ ಅಣ್ಣ. "ನನ್ನ ಹೆಂಡತಿ ಸೀರೆಗಳೂ ಹಂಗೇ. ಅದಕ್ಕೆ ಮನೇಲಿ ದಿನಾ ಪೂಜೆ."

ಎಲ್ಲರೂ ಅಂಗಳಕ್ಕೆ ಬಂದೆವು. ಟೀಚರ ಕಾರಿನ ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ ಆ ಮೂರು ತಗಡನ್ನು ಸಾಲಾಗಿ ಇಟ್ಟೆ. ಇಟ್ಟ ಕೂಡಲೇ ನನಗೇ ಕಂಡಿತು: ಒಂದು ಇಟ್ಟಿಗೆಯ ಕಡೆ, ಒಂದು ನೇರಳೆಯ ಕಡೆ, ಒಂದು ಮಧ್ಯ. ಒಳಗೆ ಒಂದೇ ಆಗಿದ್ದ ಮೂರು ಬಿಸಿಲಿಗೆ ಬಂದು ಮೂರಾಗಿದ್ದವು. ಯಜಮಾನರು ಹುಬ್ಬು ಗಂಟಿಕ್ಕಿದರು. ಅಷ್ಟಕ್ಕೇ ಮುಗಿಯಬಹುದಿತ್ತು. ಅವರು ಬಿಡಲಿಲ್ಲ.

"ಲೈಟಿಂದು ಒಪ್ಪಿದೆ. ಆದ್ರೆ ಕಣ್ಣು? ಐದನ್ನೂ ಇಡು. ಈಗ ಹೇಳಮ್ಮ."

ಅಕ್ಕ ಐದನ್ನೂ ನೋಡಿದಳು. ಅಷ್ಟರಲ್ಲಿ ಒಂದು ಮೋಡ ಬಂತು. ಅದು ದಾಟಲಿ ಅಂತ ಕಾದಳು. ನಾನು ಪಾಪುವಿನ ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೋ, ಅವಳು ಕುಂಯ್ ಅಂದಳು. ಬಿಸಿಲು ಬಂತು. ಅಕ್ಕ ಒಂದು ತಗಡನ್ನು ಎತ್ತಿದಳು. "ಇದು."

ಯಜಮಾನರು ತಿರುಗಿಸಿ ನೋಡಿದರು. "ನಾಲ್ಕು." ಅಂದರು. "ತಪ್ಪು ಕಣಮ್ಮ. ಈ ಕಾರಿನ ಕಂಪನಿ ಸಂಖ್ಯೆ ಕೊಟ್ಟು ಹೊಡೆಸಿದ್ದು ಎರಡು."

ಅಕ್ಕನ ಮುಖದಿಂದ ಬಣ್ಣ ಇಳಿದು ಹೋದದ್ದು ನಾನು ಬಿಸಿಲಲ್ಲೇ ನೋಡಿದೆ. ಅದನ್ನು ಯಾವ ಲೈಟಿನ ಮೇಲೂ ಹಾಕುವಂತಿರಲಿಲ್ಲ. ನಾನೇ ಅವಳನ್ನು ಇಲ್ಲಿಗೆ ಎಳೆದು ತಂದೆ, ಅರ್ಧ ಧೈರ್ಯದಲ್ಲಾದರೂ ಇರುತ್ತಿದ್ದಳು, ಅದನ್ನೂ ಕಿತ್ತುಕೊಂಡೆ ಅನ್ನಿಸಿತು. ಟಿಂಕರ್ ಅಣ್ಣ ನೆಲ ನೋಡಿದ.

ಅವಳು ಕೈ ಚಾಚಿ ಎರಡನೇ ತಗಡನ್ನು ತೆಗೆದುಕೊಂಡಳು. ಕಾರಿನ ಮಡ್‌ಗಾರ್ಡಿನ ಮೇಲೆ ಒತ್ತಿ ಹಿಡಿದಳು. ಅದನ್ನು ಇಳಿಸಿ ನಾಲ್ಕನೆಯದನ್ನು ಒತ್ತಿದಳು. ಮತ್ತೆ ಎರಡು. ಮತ್ತೆ ನಾಲ್ಕು.

"ಇಲ್ಲ" ಅಂದಳು. "ನಾಲ್ಕೇ."

"ಕಂಪನಿಯವರಿಗಿಂತ ನಿನಗೆ ಜಾಸ್ತಿ ಗೊತ್ತಾ?"

"ಈ ಕಾರನ್ನ ಒಂಬತ್ತು ವರ್ಷ ಬಿಸಿಲಲ್ಲಿ ನಿಲ್ಲಿಸಿದ್ದು ಕಂಪನಿಯವರಾ?" ಅಂದಳು ಅಕ್ಕ. ಎರಡು ದಿನದ ಮೇಲೆ ಅವಳ ಬಾಯಿಂದ ಅವಳದೇ ಥರದ ಮಾತು ಬಂದಿತ್ತು.

ಕಾರಿನ ಗತಿ ಏನಾಯಿತು ಅಂತ ಕೇಳಲು ಟೀಚರು ಆ ಹೊತ್ತಿಗೆ ಗೇಟಿನಲ್ಲಿ ಆಟೋ ಇಳಿದರು. ಯಜಮಾನರು ಯಾರಿಗೂ ಮಾತಾಡಲು ಬಿಡದೆ ಐದೂ ತಗಡನ್ನು ಇಸ್ಪೀಟು ಕಲಸಿದ ಹಾಗೆ ಕಲಸಿ ಅವರ ಕೈಗೆ ಕೊಟ್ಟರು. "ಟೀಚರೇ, ನಿಮ್ಮ ಕಾರಿಗೆ ಸೇರೋದು ಯಾವುದು, ಆರಿಸಿಕೊಡಿ."

ಟೀಚರು ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದೊಂದನ್ನೇ ಕಾರಿಗೆ ಹಿಡಿದರು. ಒಂದು ಬದಿಗೆ. ಇನ್ನೊಂದು ಬದಿಗೆ. ಆಮೇಲೆ ಕೈಗೆ ಬಂದದ್ದನ್ನು ಹಿಡಿದು ಕತ್ತು ವಾಲಿಸಿದರು. ಉಳಿದೆರಡನ್ನೂ ನೋಡಿ, ಮತ್ತೆ ಅದಕ್ಕೇ ಬಂದರು.

"ಇದು. ಇದರಲ್ಲೇನ್ರೀ ಕೇಳೋದು? ಕಣ್ಣಿದ್ದೋರಿಗೆ ಕಾಣಲ್ವಾ?"

ಯಜಮಾನರು ಅದನ್ನು ಇಸಿದುಕೊಂಡು ನಿಧಾನವಾಗಿ ತಿರುಗಿಸಿದರು. ಸೀಮೆಸುಣ್ಣದ ನಾಲ್ಕು.

ಅವರು ಅದನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದರು. ಅಕ್ಕನ ಕಡೆ ನೋಡದೆ, "ಆ ಹೊಸ ಪೇಂಟರಿಗೆ ಫೋನ್ ಮಾಡಿ ಬರಬೇಡ ಅಂತೀನಿ" ಅಂದರು. ಅಷ್ಟೇ. ತಪ್ಪಾಯಿತು ಅನ್ನುವ ಮಾತು ಅವರ ಬಾಯಲ್ಲಿ ಬರುವಂಥದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನೀನು! ಲಂಗೋಟಿ ನೋಡಿ ಲೈಟು ತಂದವಳೇ! ಆ ಲೈಟು ತೆಗೆಸು. ಹಾಗಂತ ಹಳೇ ಟ್ಯೂಬು ಮತ್ತೆ ಹಾಕಬೇಡ, ಮೀಟರು ನೋಡೋಕಾಗಲ್ಲ. ಕಡಿಮೆ ತಿನ್ನೋದೇ ಬೇಕು, ಬಣ್ಣಾನೂ ನೆಟ್ಟಗೆ ತೋರಿಸಬೇಕು. ನಿಮ್ಮಕ್ಕನ್ನ ಕರ್ಕೊಂಡು ಹೋಗು."

ಅಕ್ಕ ಬೂತಿನ ಹಿಂದೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದಳು. ಬಹಳ ಹೊತ್ತು ತೊಳೆದಳು. ನಾನು ಹೋಗಿ ಮಾತಾಡಿಸಲಿಲ್ಲ. ಪಾಪುವನ್ನು ಕೆಳಗೆ ಬಿಟ್ಟೆ. ಅವಳು ಅಂಬೆಗಾಲಿಟ್ಟು ಹೋಗಿ ಅಕ್ಕನ ಒದ್ದೆ ಕಾಲನ್ನು ಹಿಡಿದುಕೊಂಡಳು.

ಮಧ್ಯಾಹ್ನ ಅದೇ ಅಂಗಡಿಗೆ ಹೋದೆವು. ಅಕ್ಕ ಗಲ್ಲಾದ ಮೇಲೆ ಮೂರು ಮೆರೂನ್ ತಗಡು ಇಟ್ಟು, "ಇವು ಮೂರೂ ಮೂರಾಗಿ ಕಾಣೋ ಲೈಟು ಕೊಡಪ್ಪ" ಅಂದಳು. ಅಂಗಡಿಯವನು ಮೊದಲು ಮುಸಿಮುಸಿ ನಕ್ಕ. ಅವಳು ಒಂದೊಂದೇ ಟ್ಯೂಬಿನ ಕೆಳಗೆ ತಗಡು ಹಿಡಿದು, ಬೇಡ, ಬೇಡ, ಇದೂ ಬೇಡ ಅನ್ನುತ್ತ ಬಂದಾಗ ನಗು ನಿಂತಿತು. ಒಳಗಿನಿಂದ ಬೇರೆ ಡಬ್ಬಿ ತಂದ. ಆಗ ಹೇಳಿದ: ಬೆಳಕು ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನೋದಕ್ಕೂ ಒಂದು ಅಂಕ ಇರುತ್ತದೆ, ಬಿಸಿಲಿಗೆ ನೂರು ಅಂದರೆ ನಾನು ಮೊದಲು ಒಯ್ದದ್ದಕ್ಕೆ ಎಪ್ಪತ್ತು, ಇದಕ್ಕೆ ತೊಂಬತ್ತೈದು.

"ಇದನ್ನ ಅವತ್ತೇ ಯಾಕ್ರೀ ಹೇಳಲಿಲ್ಲ?" ಅಂದೆ.

"ನೀವು ಲಂಗೋಟಿ ಹಿಡಿದು ನೋಡ್ತಿದ್ರಿ. ಮಗು ರೂಮಿಗೆ ಅಂದುಕೊಂಡೆ."

ಅಕ್ಕ ಅಂಗಡಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡೋಣ ಅನ್ನಿಸಿದರೂ ಆ ನಗು ಕೇಳಿ ಮನಸ್ಸು ಹಗುರಾಯಿತು.

ಹೊಸದು ಮೊದಲಿನ ಎಲ್‌ಇಡಿಗಿಂತ ಒಂದು ಚೂರು ಜಾಸ್ತಿ ಕರೆಂಟು ತಿನ್ನುತ್ತದೆ ಅಂತ ಯಜಮಾನರು ಫೋನಿನಲ್ಲಿ ರಾಗ ಎಳೆದರು. ಅಕ್ಕ ಫೋನು ಕಿತ್ತುಕೊಂಡು, "ಒಂದು ಬಾಗಿಲಿಗೆ ಎರಡು ಸಲ ಬಣ್ಣ ಹೊಡೆದ್ರೆ ಕಂಪ್ರೆಸರು, ಫ್ಯಾನು ಎಷ್ಟು ತಿನ್ನುತ್ತೆ ಅಂತ ಯೋಚನೆ ಮಾಡಿ ಯಜಮಾನ್ರೇ" ಅಂದಳು. "ತಗೊಂಡು ಬನ್ನಿ" ಅಂದು ಅವರು ಫೋನ್ ಇಟ್ಟರು. ಹಳೇ ಟ್ಯೂಬಿಗೆ ಹೋಲಿಸಿದರೆ ಈಗಲೂ ಅರ್ಧವೇ. ಭಾನುವಾರ ಎಲೆಕ್ಟ್ರಿಷಿಯನ್ ಬಂದು ಹದಿನಾರನ್ನೂ ಹಾಕಿ, ಗಾಜಿನ ಸುತ್ತಲಿನ ರಬ್ಬರನ್ನು ಒತ್ತಿ ಒತ್ತಿ ನೋಡಿ ಹೋದ. ಹಿಂದಿನ ರೂಮಿನದ್ದನ್ನೂ ನಾನೇ ನಿಂತು ಬದಲು ಮಾಡಿಸಿದೆ.

ಸೋಮವಾರ ಬೆಳಗ್ಗೆ ಅಕ್ಕ, ನಾನು ಕೇಳದೆಯೇ, "ನಡಿ, ಕಣ್ಣು ತೋರಿಸಿಕೊಂಡು ಬರೋಣ" ಅಂದಳು. ಡಾಕ್ಟರು ಬೆಳಕು ಬಿಟ್ಟು ಎರಡೂ ಕಣ್ಣು ನೋಡಿದರು. ಅಮ್ಮನ ಕಾಯಿಲೆಯ ಕುರುಹು ಸದ್ಯಕ್ಕಿಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ, ಹತ್ತಿರದ್ದು ಓದೋಕೆ ಕನ್ನಡಕ ಹಾಕಿ ಅಂದರು. ಹೊರಗೆ ಬಂದು, ಕನ್ನಡಕದ ಮೇಲೆ ಮಾಸ್ಕು ಹೇಗೆ ಕೂರುತ್ತೆ, ಇವರಿಗೇನು ಗೊತ್ತು ಅಂತ ದಾರಿಯುದ್ದಕ್ಕೂ ಡಾಕ್ಟರನ್ನು ಬೈದಳು.

ಅವತ್ತೇ ಮಧ್ಯಾಹ್ನ ಟೀಚರ ಬಾಗಿಲಿಗೆ ಬಣ್ಣ ಹೊಡೆದಳು.

ಬುಧವಾರ ಟೀಚರು ಬಂದರು. ಕಾರನ್ನು ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಯಜಮಾನರು ಕೈಕಟ್ಟಿ ನಿಂತಿದ್ದರು. ಅಕ್ಕ ಬೂತಿನ ಬಾಗಿಲಿಗೆ ಒರಗಿ ಕೈ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು. ಟೀಚರು ಬಲಗಡೆಯ ಹಿಂದಿನ ಬಾಗಿಲ ಹತ್ತಿರ ನಿಂತು ಬಗ್ಗಿದರು.

"ಚೆನ್ನಾಗಿದೆ ಕಣಮ್ಮ. ಆದ್ರೂ ಇಲ್ಲಿ ನೋಡಿದ್ರೆ ಒಂದು ಚೂರು ಬೇರೆ ಅನ್ಸುತ್ತೆ."

ಟಿಂಕರ್ ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅವನ ಭುಜ ಕುಲುಕುತ್ತಿತ್ತು. ಯಜಮಾನರು ಕೆಮ್ಮಿ, "ಟೀಚರೇ, ಆ ಬಾಗಿಲನ್ನ ನಾವು ಮುಟ್ಟೇ ಇಲ್ಲ. ಅದು ಕಂಪನಿಯಿಂದ ಬಂದಿದ್ದು" ಅಂದರು.

ಟೀಚರು ಛತ್ರಿಯ ಮೇಲೆ ಊರಿಕೊಂಡು ನಕ್ಕರು. ಯಜಮಾನರು ನಕ್ಕರು. ನಾನು ನಕ್ಕೆ, ನನ್ನನ್ನು ನೋಡಿ ಪಾಪು ನಕ್ಕಳು.

ಅಕ್ಕ ನಗಲಿಲ್ಲ. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿ ಆ ಬಾಗಿಲ ಹತ್ತಿರ ಹೋದಳು. ಕೂತು ನೋಡಿದಳು, ನಿಂತು ನೋಡಿದಳು.

"ನಗಬೇಡಿ, ಟೀಚರು ಹೇಳಿದ್ದು ಸರಿ. ಕಂಪನಿಯವರೇ ಇಲ್ಲಿ ಒಂದು ಹನಿ ಕಪ್ಪು ಜಾಸ್ತಿ ಹಾಕಿದಾರೆ" ಅಂದಳು.